ಜಗ್ಗಿನ ಹಿಡಿಯಲ್ಲೊಂದು ಬಾಲ

ಫೆಬ್ರವರಿ ೪

ಗಡಿಬಿಡಿ,

ನೀನು ರೈಲು ಹತ್ತಿ ಇವತ್ತಿಗೆ ಹದಿನೇಳು ದಿನ. ನಾನು ಎಣಿಸಿದ್ದಲ್ಲ, ಗುಮಾಸ್ತ ಎಣಿಸಿದ್ದು. ನಿನ್ನ ಹಾಸಿಗೆಯ ಮೇಲೆ ದಿನಕ್ಕೊಂದು ಜಾಗದಲ್ಲಿ ಬಾಲ ಸುತ್ತಿಕೊಂಡು ಮಲಗಿ ಹದಿನೇಳು ತಗ್ಗು ಮಾಡಿಟ್ಟಿದ್ದಾನೆ. ಹಾಸಿಗೆ ಕೊಡವಲು ಹೋದರೆ ಒಂದೇ ಕಣ್ಣು ತೆರೆದು, ಕಚೇರಿ ಸಮಯದಲ್ಲಿ ಬಂದಿದ್ದೀರಲ್ಲ ಅನ್ನುವ ಹಾಗೆ ನೋಡುತ್ತಾನೆ. ಹಾಗಾಗಿ ಕೊಡವಿಲ್ಲ.

ನಿನ್ನ ಪತ್ರ, ಜೊತೆಗಿದ್ದ ಚಿತ್ರ, ಎರಡೂ ತಲುಪಿದವು. ಆಮೆಗೆ ಮನುಷ್ಯರ ಹಲ್ಲು ಯಾಕೆ ಮಗಳೇ? ಅದೂ ಅಷ್ಟು ಸಾಲಾಗಿ? ಹಗಲೆಲ್ಲ ಕಟ್ಟುಹಲ್ಲು ಮಾಡುವವಳ ಕೈ, ಸಂಜೆ ಪೆನ್ಸಿಲ್ ಹಿಡಿದರೂ ಅದನ್ನೇ ಬರೆಯುತ್ತದೆ ಅಂತ ಕಾಣುತ್ತದೆ. ಒಬ್ಬಳೇ ಕೂತು ನಕ್ಕೆ. ಗುಮಾಸ್ತನ ಮುಂದೆ ಹಿಡಿದೆ. ಮೂಸಿ ನೋಡಿ ಅದರ ಮೇಲೆ ಕೂತ. ಮಂಜೂರಾಯಿತು ಅಂತ ತಿಳಿ.

ಫೋನು ಮಾಡುವ ಮಾತು ಬೇಡ. ಕಿವಿಗಿಟ್ಟ ಯಂತ್ರಕ್ಕೂ ಫೋನಿಗೂ ಆಗಿಬರುವುದಿಲ್ಲ, ಗುಂಯ್ ಅನ್ನುವುದೊಂದೇ ಕೇಳುತ್ತದೆ. ವಾರಕ್ಕೊಂದಲ್ಲದಿದ್ದರೂ ಎರಡು ವಾರಕ್ಕೊಂದು ಪತ್ರ, ಜೊತೆಗೊಂದು ಚಿತ್ರ. ಮಾತು ಕೊಟ್ಟಿದ್ದೀಯ. ಗುಮಾಸ್ತನದು ಇವತ್ತು ಇಟ್ಟಿದ್ದೇನೆ. ಎಡಗಿವಿ ಪೂರ್ತಿಯಾಗಿಲ್ಲ, ಅಷ್ಟರಲ್ಲಿ ಎದ್ದು ಹೋದ.

ನಿನ್ನ ದೊಡ್ಡಮ್ಮ

ಫೆಬ್ರವರಿ ೧೯

ದೊಡ್ಡಮ್ಮ,

ಪೂರ್ತಿಯಾಗದ ಎಡಗಿವಿಯ ಗುಮಾಸ್ತನನ್ನು ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಮನೆ ಒಡತಿ ಬಾಗಿಲಲ್ಲೇ ನಿಂತು ನೋಡಿ, "ಚಿತ್ರದ ಬೆಕ್ಕಾದ್ರೆ ಸರಿ. ನಿಜದ್ದು ಬಂತೋ, ಒಂದೋ ಅದು, ಇಲ್ಲಾ ನಾನು" ಅಂದರು. ಅವರನ್ನೇ ಕಳಿಸಿಬಿಡೋಣ ಅನಿಸಿತು. ಮನೆ ಅವರದ್ದು.

ಲ್ಯಾಬಿನಲ್ಲಿ ನನಗೆ ಕಿಟಕಿ ಪಕ್ಕದ ಮೇಜು ಕೊಟ್ಟಿದ್ದಾರೆ. ಬೆಳಿಗ್ಗೆ ಅಚ್ಚುಗಳು ಬರುತ್ತವೆ, ಒಂದೊಂದರಲ್ಲೂ ಯಾರದೋ ಬಾಯಿ. ಮೇಣ ಕರಗಿಸಿ ಒಸಡು ತೀಡುತ್ತಾ ಕೂತರೆ ಮಧ್ಯಾಹ್ನ ಆದದ್ದೇ ಗೊತ್ತಾಗುವುದಿಲ್ಲ. ಮುಖ ಕಾಣದ ಇಷ್ಟೊಂದು ಜನ ನನ್ನ ಮುಂದೆ ಬಾಯಿ ತೆರೆದು ಕೂತಿರುತ್ತಾರೆ, ಒಬ್ಬರೂ ಮಾತಾಡುವುದಿಲ್ಲ. ಅದಕ್ಕೇ ಸಂಜೆ ಅವರಿಗೆಲ್ಲ ಒಂದೊಂದು ಮೈ ಕೊಡುತ್ತೇನೆ. ಈ ಸಲ ಮೋಡದಷ್ಟು ದೊಡ್ಡ ಬಸವನಹುಳು.

ಒಂದು ಬೇಡಿಕೆ. ಗುಮಾಸ್ತನಿಗೆ ಒಂದೇ ಒಂದು ಸಲ ರೆಕ್ಕೆ ಬರೆದು ಕಳಿಸು. ನಿನ್ನ ಚಿತ್ರ ಭೂಮಿಯ ನಕ್ಷೆಯ ಹಾಗಿರುತ್ತದೆ, ಒಂದು ಮೀಸೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಸ್ವಲ್ಪ ಹಾರಲಿ ಬಿಡು.

ಅಡುಗೆಮನೆ ಕಿಟಕಿಯ ಚಿಲಕ ಹಾಕುತ್ತಿದ್ದೀಯ ತಾನೇ? ಆಚೆ ರಸ್ತೆ. ಅವನಿಗೆ ಬುದ್ಧಿ ಇಲ್ಲ.

ಗಡಿಬಿಡಿ

ಮಾರ್ಚ್ ೨

ಗಡಿಬಿಡಿ,

ರೆಕ್ಕೆ ಆಗುವುದಿಲ್ಲ. ಕೋಪ ಮಾಡಿಕೊಳ್ಳಬೇಡ, ಕಾರಣ ಹೇಳುತ್ತೇನೆ.

ಸರ್ವೆ ಕಚೇರಿಯ ನಕ್ಷೆ ವಿಭಾಗಕ್ಕೆ ನಾನು ಸೇರಿದ ವರ್ಷ. ಹಳೆಯ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಇಂಕಿನಲ್ಲಿ ಗೆರೆ ತೆಗೆಯುವುದು ಕೆಲಸ. ಒಂದು ಹಾಳೆಯ ಮಡಿಕೆಯಲ್ಲಿ ಕಾಲುದಾರಿ ಅಳಿಸಿಹೋಗಿತ್ತು. ಈ ತುದಿ ಕಾಣುತ್ತದೆ, ಆ ತುದಿ ಕಾಣುತ್ತದೆ, ನಡುವೆ ಒಂದು ಬೆರಳಗಲ ಇಲ್ಲ. ಇನ್ನೇನಿರುತ್ತದೆ ಅಂದುಕೊಂಡು ಸೇರಿಸಿಬಿಟ್ಟೆ. ದೊಡ್ಡ ಡ್ರಾಫ್ಟ್ಸ್‌ಮನ್ ಭೂತಗನ್ನಡಿ ಹಿಡಿದು ಅಲ್ಲೇ ಬಂದು ನಿಂತರು.

"ಈ ದಾರೀಲಿ ನಡೆದಿದ್ದೀರೇನಮ್ಮಾ?"

"ಇಲ್ಲ ಸಾರ್."

"ಅಲ್ಲಿ ಜೌಗು ಇದ್ರೆ? ಈ ನಕ್ಷೆ ಹಿಡ್ಕೊಂಡು ಹೋಗೋನು ಕುತ್ತಿಗೆವರೆಗೆ ಹೂತ್ಕೊಂಡು ನಿಮ್ಮ ಹೆಸರು ಕೂಗಲಿ ಅಂತಲಾ?"

ಅವತ್ತಿನಿಂದ ಮೂವತ್ತೊಂದು ವರ್ಷ, ನಿವೃತ್ತಿಯಾದ ಮೇಲೂ, ಕಣ್ಣಿಗೆ ಕಾಣದ ಗೆರೆ ನನ್ನ ಕೈಯಿಂದ ಬಂದಿಲ್ಲ. ಚಿತ್ರ ನನಗೆ ಯಾರೂ ಕಲಿಸಲಿಲ್ಲ, ಕಲಿಸಿದ್ದು ಇದೊಂದೇ. ಗುಮಾಸ್ತನಿಗೆ ರೆಕ್ಕೆ ಮೂಡಿದ ದಿನ ಮೊದಲು ನಿನಗೇ ಬರೆದು ಕಳಿಸುತ್ತೇನೆ. ಸದ್ಯಕ್ಕೆ ಅವನ ಹಿಂಭಾಗದ ಚಿತ್ರ ಇದೆ, ಅದನ್ನೇ ಜಾಸ್ತಿ ಹೊತ್ತು ತೋರಿಸುತ್ತಾನೆ.

ದೊಡ್ಡಮ್ಮ

ಮಾರ್ಚ್ ೨೩

ಮಗಳೇ,

ಇದನ್ನು ಅಂಚೆಗೆ ಹಾಕುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಗುಮಾಸ್ತ ಹೋದ. ಮೊನ್ನೆ ಬೆಳಿಗ್ಗೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂತಿದ್ದ, ಕಿಟಕಿಯ ಗಾಜಿನಿಂದ ಬೆಳಕು ಮಬ್ಬಾಗಿ ಬೀಳುತ್ತಿತ್ತು, ಎಡಗಿವಿಯ ಒಳಗಿನ ಕೂದಲು ಕಾಣುತ್ತಿರಲಿಲ್ಲ. ಬೆಳಕಿಗೆ ಅಂತ ಕಿಟಕಿ ತೆಗೆದೆ. ಪೆನ್ಸಿಲ್ ಕೆತ್ತಲು ಆಚೆ ತಿರುಗಿದೆ. ಬ್ರೆಡ್ಡಿನ ವ್ಯಾನಿನವನು ತಾನೇ ಎತ್ತಿಕೊಂಡು ಬಾಗಿಲಿಗೆ ಬಂದ. "ನಿಮ್ದೇನಾ ಅಮ್ಮ? ಅಡ್ಡ ಬಂದ್ಬಿಡ್ತು" ಅಂತ ಅತ್ತುಬಿಟ್ಟ. ನಾನೇ ಅವನಿಗೆ ನೀರು ಕೊಟ್ಟೆ.

ಬಟ್ಟೆ ಒಣಹಾಕುವ ತಂತಿಯ ಕೆಳಗೆ ಮಣ್ಣು ಮೆತ್ತಗಿತ್ತು. ಅಲ್ಲೇ ಮಲಗಿಸಿದೆ. ಅದಕ್ಕೆ ಮುಂಚೆ ಒಂದು ಗಂಟೆ ಟವೆಲ್ಲಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಅಲುಗಾಡಬೇಡವೋ ಅಂತ ಹನ್ನೆರಡು ವರ್ಷ ಬೈದಿದ್ದೇನೆ. ಅವತ್ತು ಅಲುಗಾಡಲಿಲ್ಲ. ಪೆನ್ಸಿಲ್ ಕೆತ್ತಿದ್ದು ಕೆತ್ತಿದ ಹಾಗೇ ಇತ್ತು. ಮುಟ್ಟಲು ಆಗಲಿಲ್ಲ.

ನೀನು ಹೇಳಿದ್ದು ಒಂದೇ ಮಾತು, ಚಿಲಕ.

ಮಾರ್ಚ್ ೨೮

ಗಡಿಬಿಡಿ,

ಎಲ್ಲ ಕ್ಷೇಮ. ಗುಮಾಸ್ತನೂ ಕ್ಷೇಮ, ಈಚೆಗೆ ಸ್ವಲ್ಪ ಸೋಮಾರಿ ಆಗಿದ್ದಾನೆ.

ರೆಕ್ಕೆ ಕೇಳಿದ್ದೆಯಲ್ಲ, ರೆಕ್ಕೆ ಅಲ್ಲದಿದ್ದರೂ ಬೇರೊಂದು ಕಳಿಸಿದ್ದೇನೆ. ಹೊಟ್ಟೆ ನೀರಿನ ಜಗ್ಗಿನದು, ಹಿಡಿ ಇರುವ ಕಡೆ ಬಾಲ. ಹೆಸರು ನೀನೇ ಇಡು.

ದೊಡ್ಡಮ್ಮ

ಏಪ್ರಿಲ್ ೯

ದೊಡ್ಡಮ್ಮಾ!

ಕೊನೆಗೂ! ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ. ನಮ್ಮ ಮೇಸ್ತ್ರಿ, ಜನ್ಮದಲ್ಲಿ ನಗದ ಮನುಷ್ಯ, ಭೂತಗನ್ನಡಿ ಹಾಕಿಕೊಂಡು ನೋಡಿ, "ಈ ಪ್ರಾಣಿಗೆ ನೀರು ಕುಡಿಸ್ಬೇಕೋ, ಇದರಿಂದ ನೀರು ಕುಡೀಬೇಕೋ?" ಅಂದರು. ಅದಕ್ಕೆ ಜಗ್ಗೇಶ್ವರ ಅಂತ ಹೆಸರಿಟ್ಟಿದ್ದೇವೆ. ಅದಕ್ಕೊಂದು ಜೋಡಿ ಇರಲಿ ಅಂತ ಲೋಟದ ಹೊಟ್ಟೆಯ ಹೆಣ್ಣು ಬರೆದು ಕಳಿಸಿದ್ದೇನೆ. ಹಲ್ಲು ಎರಡೇ, ಬೈಯಬೇಡ.

ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆ? ಇನ್ನೂ ಕಳಿಸು. ಗುಮಾಸ್ತನಿಗೆ ಹಣೆಗೊಂದು, ಹೊಟ್ಟೆಗೊಂದು ಮುತ್ತು.

ಗಡಿಬಿಡಿ

ಮೇ ೧೪

ಗಡಿಬಿಡಿ,

ತಡವಾಯಿತು. ಈ ಸಲ ಮೂರು ಇಟ್ಟಿದ್ದೇನೆ. ಕುರ್ಚಿಯ ಬೆನ್ನಿಗೆ ಬಿದ್ದಿರುವ ಟವೆಲ್ಲು, ಅದಕ್ಕೆ ಉಸಿರಾಡುವ ಬೆನ್ನು. ಬಾಗಿಲ ಹಿಂದೆ ನೇತಾಡುವ ಕೋಟು, ಕಾಲರಿನಿಂದ ಎರಡು ಕಿವಿ. ಮೂರನೆಯದು ಏನು ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ನೆಲದ ಮೇಲೆ ಬರುವ ಬಿಸಿಲಿನ ತುಂಡು, ಅದು ಗೋಡೆಯವರೆಗೆ ನಡೆದುಕೊಂಡು ಹೋಗಿ, ಮೂಲೆಯಲ್ಲಿ ಮುದುರಿಕೊಂಡು, ಇಲ್ಲವಾಗುತ್ತದೆ. ಕಾಲು ಬರೆಯದಿದ್ದರೂ ನಡೆಯುವುದು ಕಾಣುತ್ತದೆ ನೋಡು.

ಈಚೆಗೆ ಮನೆ ತುಂಬಾ ಇಂಥವೇ. ನಾನು ಸುಮ್ಮನೆ ಕೂತಿರುತ್ತೇನೆ, ಒಂದೊಂದಾಗಿ ಬರುತ್ತವೆ. ಒಲೆಯ ಮೇಲೆ ಹಾಲು ಇಟ್ಟದ್ದು ಮರೆತು ನೋಡುತ್ತಿರುತ್ತೇನೆ.

ಗುಮಾಸ್ತ ನಿನ್ನ ಪತ್ರ ಮೂಸಿ ಸೀನಿದ. ಈಗ ಅಲಮಾರಿಯ ಮೇಲೆ ಮಲಗಿದ್ದಾನೆ.

ದೊಡ್ಡಮ್ಮ

ಜೂನ್ ೩

ದೊಡ್ಡಮ್ಮ,

ಚಿತ್ರಗಳು ತಲುಪಿದವು. ಚೆನ್ನಾಗಿವೆ.

ಒಂದು ಕೇಳಲಾ? ಕಳೆದ ವರ್ಷದಿಂದ ಗುಮಾಸ್ತ ಅಲಮಾರಿ ಹತ್ತುವುದಿಲ್ಲ, ಸೊಂಟ ನೋವು ಅಂತ ನೀನೇ ಹೇಳಿದ್ದೆ. ಈಗ ಹೇಗೆ ಹತ್ತಿದ? ಅವನ ಯಾವ ಕಾಲು ಬಿಳಿ? ಸುಮ್ಮನೆ ಕೇಳಿದೆ. ಹಾಲು ಎಷ್ಟು ಸಲ ಉಕ್ಕಿತು?

ನಿನ್ನ ಕಣ್ಣು ತೋರಿಸಿ ಬಹಳ ದಿನ ಆಯಿತು. ನಮ್ಮ ಮೇಸ್ತ್ರಿಗೆ ಪರಿಚಯದ ಡಾಕ್ಟರು ಒಬ್ಬರು ನಿಮ್ಮ ಊರಲ್ಲೇ ಇದ್ದಾರೆ. ಹದಿನೆಂಟಕ್ಕೆ, ಸಂಜೆ ನಾಲ್ಕಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಬೇಡ ಅನ್ನಬೇಡ, ನನಗೋಸ್ಕರ ಹೋಗಿ ಬಾ.

ಈ ಸಲ ನನ್ನ ಚಿತ್ರ ಇಲ್ಲ. ಕೆಲಸ ಜಾಸ್ತಿ.

ಗಡಿಬಿಡಿ

ಜೂನ್ ೨೦

ಗಡಿಬಿಡಿ,

ಹೋಗಿ ಬಂದೆ. ಇದೆಂಥ ಕಣ್ಣಿನ ಡಾಕ್ಟರು ನಿಮ್ಮ ಮೇಸ್ತ್ರಿಯದು! ಕಣ್ಣಿಗೆ ಟಾರ್ಚು ಬಿಡಲಿಲ್ಲ, ಅಕ್ಷರದ ಹಲಗೆ ತೋರಿಸಲಿಲ್ಲ. ಇವತ್ತು ಯಾವ ವಾರ ಅಂತ ಕೇಳಿದರು. ಅವರಿಗೇ ಗೊತ್ತಿರಲಿಲ್ಲವೋ ಏನೋ, ಹೇಳಿದೆ. ನೂರರಿಂದ ಏಳೇಳು ಕಳೆಯಿರಿ ಅಂದರು. ಕಳೆದೆ. ಆಮೇಲೆ ಬಿಳಿ ಹಾಳೆ ಕೊಟ್ಟು, "ಒಂದು ಗಡಿಯಾರ ಬರೀರಿ, ಹನ್ನೊಂದು ಗಂಟೆ ಹತ್ತು ನಿಮಿಷ ಇರಲಿ" ಅಂದರು.

ನಾನು ಗೋಡೆ ನೋಡಿದೆ. "ನಿಮ್ಮ ಗಡಿಯಾರದಲ್ಲಿ ನಾಲ್ಕೂ ಮೂವತ್ತೈದು ಆಗಿದೆಯಲ್ಲ ಡಾಕ್ಟ್ರೇ."

"ಅದನ್ನ ಬಿಡಿ ಅಮ್ಮ. ನೆನಪಿಂದ ಬರೀರಿ."

"ನಾನು ನೆನಪಿಂದ ಬರಿಯಲ್ಲ."

ಅವರು ಏನೋ ಗೀಚಿಕೊಂಡರು. ಪಾಪ, ಬರಿಗೈಲಿ ಕಳಿಸುವುದು ಬೇಡ ಅಂತ ಗೋಡೆಯ ಮೇಲಿದ್ದದ್ದನ್ನೇ ಬರೆದುಕೊಟ್ಟೆ, ಇದ್ದದ್ದು ಇದ್ದ ಹಾಗೆ, ಒಂದು ಗೆರೆ ಹೆಚ್ಚಿಲ್ಲ. ಚೆನ್ನಾಗಿ ಬಂತು. ಅದರ ನಕಲು ಕೇಳಿದರೆ ಕೊಡಲಿಲ್ಲ, ಫೈಲಿಗೆ ಹಾಕಿಕೊಂಡರು. ಮೆಚ್ಚಿಕೊಂಡಿರಬೇಕು.

ನಿನ್ನ ಚಿತ್ರ ಇಲ್ಲದ ಪತ್ರ ಹಗುರ ಇತ್ತು.

ದೊಡ್ಡಮ್ಮ

ಜುಲೈ ೫

ದೊಡ್ಡಮ್ಮ,

ಹೇಗೆ ಬರೆದರೂ ತಪ್ಪಾಗುತ್ತದೆ, ಇದು ನಾಲ್ಕನೇ ಹಾಳೆ. ಅವರು ಕಣ್ಣಿನ ಡಾಕ್ಟರಲ್ಲ. ಮರೆವಿನ ಡಾಕ್ಟರು. ನಿನಗೆ ಸುಳ್ಳು ಹೇಳಿ ಕಳಿಸಿದೆ.

ಅವರ ಕಾಗದ ಬಂದಿದೆ. ಹೇಳಿದ ಸಮಯ ಬರೆಯಲಿಲ್ಲ, ಅಂಕಿಗಳಲ್ಲಿ ಏಳು ಬಿಟ್ಟುಹೋಗಿದೆ, ನೆನಪಿನಿಂದ ಬರೆಯಲಾರೆ ಎಂದು ತಾವೇ ಒಪ್ಪಿಕೊಂಡಿದ್ದಾರೆ, ಒಂಟಿಯಾಗಿ ಬಿಡುವುದು ಕ್ಷೇಮವಲ್ಲ. ಅಮ್ಮ ಇದ್ದಿದ್ದರೆ ಅವಳ ಹೆಗಲಿಗೆ ತಲೆಯಿಟ್ಟು ಅಳುತ್ತಿದ್ದೆ. ಅವಳು ಹೋದ ಮೇಲೆ ನನಗೆ ಇರುವವಳು ನೀನೊಬ್ಬಳು. ಕೋಟಿಗೆ ಕಿವಿ ಬರೆದು ಕಳಿಸುತ್ತೀಯ, ಹಾಲು ಒಲೆಯ ಮೇಲೆ ಮರೆಯುತ್ತೀಯ. ಆ ಚಿತ್ರಗಳನ್ನು ನೋಡಿ ಮೊದಮೊದಲು ಕುಣಿದಾಡಿದೆ, ಈಗ ಮಗುಚಿ ಇಟ್ಟಿದ್ದೇನೆ.

ಇಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಬೆಕ್ಕು ಇರಬಹುದು ಅಂತ ಒಪ್ಪಿದ್ದಾರೆ. ಇಪ್ಪತ್ತೆಂಟಕ್ಕೆ ಬರುತ್ತೇನೆ. ಸಾಮಾನು ಕಟ್ಟಿ, ಆ ಮನೆ ಬಿಟ್ಟುಕೊಟ್ಟು, ನಿನ್ನನ್ನೂ ಗುಮಾಸ್ತನನ್ನೂ ಕರೆದುಕೊಂಡು ಬರುತ್ತೇನೆ. ಜಗಳ ಆಡಬೇಡ ದೊಡ್ಡಮ್ಮ.

ನಿನ್ನ ಗಡಿಬಿಡಿ

ಜುಲೈ ೧೦

ಮಗಳೇ,

ಗುಮಾಸ್ತನನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ. ಅವನು ಮಾರ್ಚ್ ಇಪ್ಪತ್ತೊಂದಕ್ಕೆ ಹೋದ. ಅಡುಗೆಮನೆಯ ಕಿಟಕಿ ತೆಗೆದವಳು ನಾನು, ಚಿತ್ರಕ್ಕೆ ಬೆಳಕು ಬೇಕು ಅಂತ. ಎರಡು ದಿನ ಬಿಟ್ಟು ಒಂದು ಪತ್ರ ಬರೆದಿದ್ದೆ, ಕಳಿಸಲು ಧೈರ್ಯ ಸಾಲಲಿಲ್ಲ. ಇದರ ಜೊತೆ ಅದನ್ನೂ ಇಟ್ಟಿದ್ದೇನೆ.

ಆಮೇಲೆ ನಿನಗೆ ಚಿತ್ರ ಕಳಿಸಬೇಕಲ್ಲ. ಅವನು ಮುಂದೆ ಇಲ್ಲದೆ ಅವನನ್ನು ಬರೆಯಲು ನನ್ನ ಕೈಗೆ ಬರುವುದಿಲ್ಲ. ಆದರೆ ತಿರುಗಿದ ಕಡೆಯಲ್ಲೆಲ್ಲ ಅಷ್ಟಷ್ಟೇ ಕಾಣುತ್ತಿದ್ದ. ನೀರು ಬಗ್ಗಿಸಲು ಹೋದರೆ ಜಗ್ಗಿನ ಹಿಡಿಯಲ್ಲಿ ಬಾಲ. ಕುರ್ಚಿಯ ಮೇಲಿನ ಟವೆಲ್ಲಿನಲ್ಲಿ ಬೆನ್ನು. ಕಾಣದ ಗೆರೆ ಒಂದೂ ಎಳೆದಿಲ್ಲ ಮಗಳೇ, ಅವೆಲ್ಲ ಈ ಮನೆಯಲ್ಲಿ ಇದ್ದ ಗೆರೆಗಳೇ. ಪೆನ್ಸಿಲಿಗೆ ಸುಳ್ಳು ಹೇಳಲು ಬರಲಿಲ್ಲ, ಪೆನ್ನಿಗೆ ಬಂತು. ಅಲಮಾರಿ, ಸೀನು, ಎಲ್ಲ ಪೆನ್ನಿನದು. ಸುಳ್ಳು ಹೇಳಿ ಅಭ್ಯಾಸ ಇಲ್ಲದವಳು, ಸೊಂಟ ನೋವು ಮರೆತೇ ಹೋಯಿತು.

ಆ ಡಾಕ್ಟರಿಗೆ ಫೋನು ಮಾಡು. ತಿರುಗಿ ತಮ್ಮ ಗೋಡೆ ನೋಡಿಕೊಳ್ಳಲು ಹೇಳು. ಏಳನ್ನು ನಾನು ಬಿಟ್ಟಿಲ್ಲ. ಅವರ ಗಡಿಯಾರದಲ್ಲೇ ಉದುರಿಹೋಗಿದೆ, ಗಾಜಿನ ಒಳಗೆ ಕೆಳಗೆ ಬಿದ್ದಿದೆ.

ನಾನು ಸುಳ್ಳು ಹೇಳಿದ್ದೇನೆ. ಆದರೆ ಮರೆತಿಲ್ಲ. ಎರಡೂ ಬೇರೆಬೇರೆ. ಬೈಯಬೇಕಾದಷ್ಟು ಬೈ, ಮಾತು ಬಿಡಬೇಕು ಅನಿಸಿದರೆ ಬಿಡು. ನನ್ನ ಮನೆಯಿಂದ ನನ್ನನ್ನು ಎಬ್ಬಿಸಬೇಡ. ಹಾಲು ಉಕ್ಕಿಸಲಿಕ್ಕೂ ನನಗೊಂದು ನನ್ನದೇ ಒಲೆ ಬೇಕು.

ದೊಡ್ಡಮ್ಮ

ಆಗಸ್ಟ್ ೧

ಗಡಿಬಿಡಿ,

ಇಪ್ಪತ್ತೆಂಟು ಕಳೆಯಿತು. ನೀನೂ ಬರಲಿಲ್ಲ, ಪತ್ರವೂ ಬರಲಿಲ್ಲ. ಸಾಮಾನು ಕಟ್ಟಿರಲಿಲ್ಲ ನಾನು, ಆದರೆ ಬಾಗಿಲಲ್ಲಿ ಕೂತಿದ್ದೆ.

ಅಂಚೆಯವನು ಮೂರು ದಿನದಿಂದ ನನ್ನ ಮನೆಯ ಮುಂದೆ ಸೈಕಲ್ ಜೋರಾಗಿ ತುಳಿದುಕೊಂಡು ಹೋಗುತ್ತಾನೆ, ಇಲ್ಲ ಅನ್ನಲು ಕಷ್ಟ ಅಂತ ಕಾಣುತ್ತದೆ. ಅವನಿಗೋಸ್ಕರ ಆದರೂ ಎರಡು ಸಾಲು ಬೈದು ಹಾಕು.

ದೊಡ್ಡಮ್ಮ

ಆಗಸ್ಟ್ ೨೨

ದೊಡ್ಡಮ್ಮ,

ಬೈಯಲು ಕೂತರೆ ಅಳು ಬರುತ್ತಿತ್ತು, ಅಳಲು ಕೂತರೆ ಕೋಪ ಬರುತ್ತಿತ್ತು. ಅದಕ್ಕೇ ತಡ.

ಇಲ್ಲದ ಬೆಕ್ಕಿಗೆ ಹಣೆಗೊಂದು ಹೊಟ್ಟೆಗೊಂದು ಮುತ್ತು ಕಳಿಸಿದೆ. ಅವನು ಸೀನಿದ ಅಂತ ಓದಿದ ದಿನ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದೆ. ಅದನ್ನು ಕ್ಷಮಿಸಲು ಇನ್ನೂ ಆಗಿಲ್ಲ. ಆಗುತ್ತದೆ, ಅವಸರ ಮಾಡಬೇಡ.

ಡಾಕ್ಟರಿಗೆ ಫೋನು ಮಾಡಿದೆ. "ಒಂದ್ನಿಮಿಷ ಇರಿ" ಅಂತ ಎದ್ದು ಹೋದರು. ಕುರ್ಚಿ ಎಳೆದ ಶಬ್ದ ಕೇಳಿತು, ಹತ್ತಿ ನೋಡಿದರು ಅನಿಸುತ್ತದೆ. ವಾಪಸು ಬಂದು, "ಹೌದು. ಏಳು ಕೆಳಗೆ ಬಿದ್ದಿದೆ. ಆರು ವರ್ಷದಿಂದ ಇದೇ ರೂಮಲ್ಲಿ ಕೂತಿದ್ದೀನಿ" ಅಂದರು. ಆಮೇಲೆ ತಾವೇ, "ಅವರು ನೂರರಿಂದ ಏಳೇಳು ಕಳೆದದ್ದು ನನಗಿಂತ ಬೇಗ" ಅಂದರು. ಕಾಗದ ವಾಪಸು ತೆಗೆದುಕೊಂಡಿದ್ದಾರೆ.

ನಿನ್ನ ಚಿತ್ರಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಜಗ್ಗಿನ ಬಾಯಿ ಚೂರು ಒಡೆದದ್ದು, ಟವೆಲ್ಲಿನ ಅಂಚಿಗೆ ನೀನೇ ಹಾಕಿದ ಹೊಲಿಗೆ, ಕೋಟಿನ ಮೂರನೇ ಗುಂಡಿ ಬೇರೆ ಥರದ್ದು. ಎಲ್ಲ ಇತ್ತು. ನಾನು ಬೆಕ್ಕು ಹುಡುಕುತ್ತಿದ್ದೆ, ನೀನು ನಮ್ಮ ಮನೆಯನ್ನೇ ಕಳಿಸುತ್ತಿದ್ದೆ.

ಕಿಟಕಿಯ ಬಗ್ಗೆ ಒಂದು ಹೇಳಬೇಕು. ನಾನು ಅಲ್ಲಿದ್ದಾಗ ಎಷ್ಟೋ ಸಲ ಚಿಲಕ ಹಾಕುವುದು ಮರೆತು ಕೆಲಸಕ್ಕೆ ಹೋಗಿದ್ದೇನೆ. ಸಂಜೆ ಬಂದು ನೋಡಿ, ಅವನು ಕಟ್ಟೆಯ ಮೇಲೇ ಇದ್ದರೆ, ನಿನಗೆ ಹೇಳದೆ ಹಾಕಿಬಿಡುತ್ತಿದ್ದೆ. ಅದಕ್ಕೇ ಪತ್ರದಲ್ಲಿ ಅಷ್ಟು ಜಬರ್ದಸ್ತಾಗಿ ಕೇಳಿದ್ದು. ನಿನ್ನ ಒಬ್ಬಳದೇ ತಪ್ಪಲ್ಲ ದೊಡ್ಡಮ್ಮ, ನನ್ನ ಸರದಿಯಲ್ಲಿ ವ್ಯಾನು ಬರಲಿಲ್ಲ, ಅಷ್ಟೇ.

ಎರಡು ಕೋಣೆಯ ಮನೆ ಬಿಡುವುದಿಲ್ಲ. ಒಂದು ಕೋಣೆ ಖಾಲಿ ಇದೆ. ಕರೆದುಕೊಂಡು ಬರಲು ಬರುವುದಿಲ್ಲ, ಕರೆಯುತ್ತಿದ್ದೇನೆ.

ಗಡಿಬಿಡಿ

ಸೆಪ್ಟೆಂಬರ್ ೧

ಗಡಿಬಿಡಿ,

ನಿನ್ನ ಪತ್ರ ಅಂಚೆಯವನು ಗಂಟೆ ಬಾರಿಸಿಕೊಂಡು ತಂದ. ಬಾಗಿಲಲ್ಲೇ ನಿಂತು ಓದಿದೆ. ಅವನೂ ನಿಂತಿದ್ದ. "ಬೈದಿದ್ದಾರಾ?" ಅಂದ. "ಬೈದಿದ್ದಾಳೆ, ಇನ್ನೂ ಸಾಲದು" ಅಂದೆ. ಸಮಾಧಾನ ಆಗಿ ಹೋದ.

ಬರುತ್ತೇನೆ. ಆದರೆ ಒಂದು ಮಾತು. ಮೊದಲು ವಾಪಸು ಬರುವ ಟಿಕೆಟ್ ಕಳಿಸು. ಅದು ನನ್ನ ಕೈಗೆ ಬಂದ ಮೇಲೆ ಹೋಗುವ ಟಿಕೆಟ್ ನಾನೇ ತೆಗೆದುಕೊಳ್ಳುತ್ತೇನೆ.

ದೊಡ್ಡಮ್ಮ

ಸೆಪ್ಟೆಂಬರ್ ೧೦

ದೊಡ್ಡಮ್ಮ,

ವಾಪಸು ಟಿಕೆಟ್ ಇದರೊಳಗಿದೆ. ಅಕ್ಟೋಬರ್ ಹದಿನೈದು, ಕಿಟಕಿ ಪಕ್ಕದ ಸೀಟು. ಕ್ಲರ್ಕು, "ಹೋಗೋದು ಬೇಡ್ವಾ, ಬರೋದು ಮಾತ್ರನಾ?" ಅಂತ ಎರಡು ಸಲ ಕೇಳಿದ. ನಮ್ಮ ಮನೆಯಲ್ಲಿ ಹಾಗೆಯೇ ಅಂದೆ.

ಗಡಿಬಿಡಿ

ಸೆಪ್ಟೆಂಬರ್ ೨೬

ಮಗಳೇ,

ಇದನ್ನು ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ, ಕೈಯಾರೆ ಕೊಡುತ್ತೇನೆ. ಅಕ್ಷರ ಅಲ್ಲಾಡಿದ್ದರೆ ಅದು ರೈಲಿನದು, ನನ್ನದಲ್ಲ. ಯಾವ ಡಾಕ್ಟರಿಗೂ ತೋರಿಸಬೇಡ.

ಬೆಳಗಿನಿಂದ ಕಿಟಕಿಯ ಆಚೆ ಏನೇನೋ ಹಿಂದಕ್ಕೆ ಓಡುತ್ತಿವೆ. ನೀರು, ಅದರಲ್ಲಿ ತಲೆಕೆಳಗಾದ ಕಂಬಗಳು, ಮಂಜಿನಲ್ಲಿ ಅರ್ಧ ಇರುವ ಮರಗಳು. ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ಕೂತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಒಂದು ಗುಡ್ಡ ಬಂತು, ಕಾಲು ಮಡಚಿ ಮಲಗಿದ ಹಾಗೆ, ಉದ್ದಕ್ಕೆ. ಈಗ ಕಿವಿ ಬರುತ್ತದೆ, ಈಗ ಬಾಲ ಬರುತ್ತದೆ ಅಂತ ಪೆನ್ಸಿಲ್ ಹಿಡಿದುಕೊಂಡು ಕಾದೆ. ಬರಲಿಲ್ಲ. ಗುಡ್ಡ ಬರೀ ಗುಡ್ಡವಾಗಿತ್ತು. ಹಾಗೇ ಬರೆದೆ. ಮೊದಲು ಸಂಕಟವಾಯಿತು, ಆಮೇಲೆ ಚೆನ್ನಾಗಿದೆ ಅನಿಸಿತು.

ರೈಲು ನಿಧಾನವಾಗುತ್ತಿದೆ. ಎದುರು ಸೀಟಿನವರು ಬ್ಯಾಗು ಇಳಿಸುತ್ತಿದ್ದಾರೆ. ನೀನು ಕಾಣುತ್ತಿದ್ದೀಯ. ಕಂಬದ ಪಕ್ಕ, ತೋಳಿಗೆಲ್ಲ ಹಲ್ಲಿನ ಅಚ್ಚಿನ ಪ್ಲಾಸ್ಟರಿನ ಬಿಳಿ, ಕೆಲಸದಿಂದ ನೇರ ಬಂದಿದ್ದೀಯ. ಸ್ವಲ್ಪ ಸೊರಗಿದ್ದೀಯ. ಕೂದಲು ಕತ್ತರಿಸಿಕೊಂಡದ್ದು ಬರೆದೇ ಇರಲಿಲ್ಲ. ನಾನಿರುವ ಡಬ್ಬಿಯನ್ನು ಬಿಟ್ಟು ಮುಂದಿನ ಡಬ್ಬಿಗೆ, ಯಾರಿಗೋ, ಜೋರಾಗಿ ಕೈ ಬೀಸುತ್ತಿದ್ದೀಯ.

ರೈಲು ಇಲ್ಲಿ ಹತ್ತು ನಿಮಿಷ ನಿಲ್ಲುತ್ತದಂತೆ. ಬೀಸುತ್ತಿರು. ಪೂರ್ತಿ ನೋಡಿಕೊಂಡು ಇಳಿಯುತ್ತೇನೆ.